ಬೇಸ್ ಕ್ಯಾಬಿನೆಟ್‌ನ ವೈರ್ ಉಲ್ಟಾ ಇತ್ತು: ಸೌಂಡ್ ಸರ್ವಿಸ್ ಮಾಲೀಕರಿಗೆ ಒಂದು ದೂರು ಪತ್ರ

ಇಂದ,
ಬೇಸ್ ಗಿಟಾರ್ ವಾದಕ,
ರಸಮಂಜರಿ ತಂಡ, ತಿಪಟೂರು

ಗೆ,
ಮಾಲೀಕರು,
ಸೌಂಡ್ ಮತ್ತು ಲೈಟಿಂಗ್ ಬಾಡಿಗೆ ಸೇವೆ, ತುಮಕೂರು

ವಿಷಯ: ಗಣೇಶೋತ್ಸವದ ಕಾರ್ಯಕ್ರಮಕ್ಕೆ ಕೊಟ್ಟ ಬೇಸ್ ಆಂಪ್ ಮತ್ತು ಕ್ಯಾಬಿನೆಟ್‌ಗಳಲ್ಲಿದ್ದ ದೋಷ, ಮತ್ತು ಅದರ ಬಾಡಿಗೆ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಹೋದ ಶನಿವಾರ ನಮ್ಮೂರಿನ ಗಣೇಶೋತ್ಸವದ ರಸಮಂಜರಿಗೆ ನಿಮ್ಮಿಂದ ಸೌಂಡ್ ತರಿಸಿದ್ದೆವು. ಒಟ್ಟು ಬಾಡಿಗೆ 28,000 ರೂಪಾಯಿ. ಅದರಲ್ಲಿ 4,500 ರೂಪಾಯಿ ನನ್ನ ಬೇಸ್ ಗಿಟಾರ್‌ಗೆಂದೇ ಬೇರೆ ಬರೆದಿದ್ದಿರಿ. ಕೊಟೇಶನ್‌ನಲ್ಲಿ ಇದ್ದದ್ದು ಇಷ್ಟು: 500 ವ್ಯಾಟ್ ಬೇಸ್ ಆಂಪ್ ಒಂದು, ಹತ್ತಿಂಚಿನ ನಾಲ್ಕು ಸ್ಪೀಕರ್ ಇರುವ ಕ್ಯಾಬಿನೆಟ್ ಒಂದು, ಹದಿನೈದಿಂಚಿನ ಒಂದೇ ಸ್ಪೀಕರ್ ಇರುವ ಕ್ಯಾಬಿನೆಟ್ ಒಂದು, ಗಿಟಾರ್‌ನ ಸಿಗ್ನಲ್ಲನ್ನು ನೇರವಾಗಿ ಮಿಕ್ಸರ್‌ಗೆ ಕಳಿಸುವ ಆಕ್ಟಿವ್ ಡಿಐ ಬಾಕ್ಸ್ ಒಂದು. ಇದರಲ್ಲಿ ಡಿಐ ಬಾಕ್ಸ್ ಬರಲೇ ಇಲ್ಲ. ಆಂಪ್‌ನ ಒಂದು ಸ್ವಿಚ್ ಕೆಟ್ಟಿತ್ತು. ಹದಿನೈದಿಂಚಿನ ಪೆಟ್ಟಿಗೆಯೊಳಗೆ ಪ್ಲಸ್ ಮೈನಸ್ ವೈರ್ ಅದಲು ಬದಲಾಗಿತ್ತು. ಈ ಮೂರೂ ಸೇರಿ ನಮ್ಮ ಕಾರ್ಯಕ್ರಮದ ಮೊದಲ ಆರು ಹಾಡುಗಳನ್ನು ಕೆಡಿಸಿದವು. ಹೇಗೆ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದಾಗ ನೀವು "ಬೇಸ್ ಕಮ್ಮಿ ಬಂತಾ, ಜಾಸ್ತಿ ಬಂತಾ, ಅದನ್ನ ಹೇಳಿ" ಅಂದಿರಿ. ಅದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ವೇದಿಕೆ ಮೇಲೆ ಕಮ್ಮಿ ಇತ್ತು, ಮೈದಾನದಲ್ಲಿ ಜಾಸ್ತಿ ಇತ್ತು. ಎರಡಕ್ಕೂ ಕಾರಣ ಒಂದೇ.

ಸಂಜೆ 4 ಗಂಟೆಗೆ ಸೌಂಡ್ ಚೆಕ್ ಅಂತ ಮಾತಾಗಿತ್ತು. ನಿಮ್ಮ ಜನರೇಟರ್ ಬಂದದ್ದು ಆರೂಕಾಲಿಗೆ. ಏಳಕ್ಕೆ ಕಾರ್ಯಕ್ರಮ ಶುರು, ರಾತ್ರಿ 10ಕ್ಕೆ ಮೈಕ್ ನಿಲ್ಲಿಸಲೇಬೇಕು. ಹಾಗಾಗಿ ಎಲ್ಲರಿಗೂ ಸೇರಿ ಸಿಕ್ಕಿದ್ದು ಇಪ್ಪತ್ತು ನಿಮಿಷ, ನನಗೆ ಸಿಕ್ಕಿದ್ದು ಎರಡು ನಿಮಿಷ. ಆ ಎರಡು ನಿಮಿಷದಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಕೆಳಗಿನ ತಂತಿ ಮೀಟಿದರೆ ಬೆರಳು ತಂತಿಗೆ ತಾಗುವ ಟಕ್ ಟಕ್ ಸದ್ದು ಚೆನ್ನಾಗಿ ಬರುತ್ತಿತ್ತು. ಅದರ ಹಿಂದೆ ಬರಬೇಕಾದ ತುಂಬು ದನಿ ಮಾತ್ರ ಇಲ್ಲ. ಐದು ಸ್ಪೀಕರ್ ಎದುರು ನಿಂತಿದ್ದೀನಿ, ಆದ್ರೂ ಚಿಕ್ಕ ಪ್ರಾಕ್ಟೀಸ್ ಆಂಪ್ ಮುಂದೆ ನಿಂತ ಹಾಗಿತ್ತು. ನಿಮ್ಮ ಆಪರೇಟರ್‌ಗೆ ಹೇಳಿದೆ. "ಬೇಸ್ ನಾಬ್ ಏರಿಸ್ಕೊಳ್ಳಿ ಸಾರ್" ಅಂದರು. ಬೇರೆ ದಾರಿ ಇರಲಿಲ್ಲ, ಏರಿಸಿದೆ.

ಸಾಮಾನ್ಯವಾಗಿ ನಾನು ಆಂಪ್‌ನ ನಾಬ್‌ಗಳನ್ನೆಲ್ಲ ನಡುವಿನಲ್ಲೇ ಇಟ್ಟು ಶುರು ಮಾಡುತ್ತೇನೆ. 250 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸುತ್ತೇನೆ, ಅಲ್ಲಿ ದನಿ ಕೆಸರಾಗುತ್ತದೆ. 700-800ರ ಹತ್ತಿರ ಚೂರು ಏರಿಸುತ್ತೇನೆ, ಸ್ವರ ಬಿಡಿಬಿಡಿಯಾಗಿ ಕೇಳಿಸೋದು ಅಲ್ಲಿ. ಬೇಸ್ ನಾಬ್ ಮುಟ್ಟುವುದೇ ಕಮ್ಮಿ. ಅವತ್ತು ಮುಕ್ಕಾಲು ಭಾಗ ತಿರುಗಿಸಿಬಿಟ್ಟಿದ್ದೆ. 12 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಆಂಪ್ 16 ಪಟ್ಟು ಶಕ್ತಿ ಒದಗಿಸಬೇಕಾಗುತ್ತದೆ. ಎರಡನೇ ಹಾಡಿಗೇ ಆಂಪ್‌ನ ಕೆಂಪು ದೀಪ ಮಿಣುಕೋಕೆ ಶುರುವಾಯಿತು. ಅಷ್ಟಾದರೂ ನನ್ನ ಕಿವಿಗೆ ಬೇಸ್ ಸಿಗಲಿಲ್ಲ.

ಈಗ ಡಿಐ ವಿಷಯಕ್ಕೆ ಬರುತ್ತೇನೆ. ಮೈದಾನಕ್ಕೆ ಹೋಗುವ ಬೇಸ್ ನನ್ನ ಆಂಪ್‌ನ ನಾಬ್‌ಗಳಿಂದ ದೂರ ಇರಲಿ, ಗಿಟಾರ್‌ನಿಂದ ನೇರವಾಗಿ ಮಿಕ್ಸರ್‌ಗೆ ಹೋಗಲಿ ಅಂತಲೇ ಬೇರೆ ಡಿಐ ಬಾಕ್ಸ್ ಕೇಳಿದ್ದೆ. ಆಗ ನನ್ನ ಆಂಪ್ ವೇದಿಕೆಗೆ ಮಾತ್ರ, ನಿಮ್ಮ ಸಬ್ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಮತ್ತು ಟಾಪ್ (ಉಳಿದ ದನಿಯ ಸ್ಪೀಕರ್) ಜನಕ್ಕೆ. ನನಗೆ ಬೇಕಾದ ಹಾಗೆ ನಾನು ತಿರುಗಿಸಿಕೊಂಡರೂ ಹೊರಗಿನ ದನಿ ಕೆಡುವುದಿಲ್ಲ. ಬಾಕ್ಸ್ ಎಲ್ಲಿ ಅಂದರೆ ನಿಮ್ಮ ಆಪರೇಟರ್, "ತಂದಿಲ್ಲ, ಆಂಪ್ ಹಿಂದೆನೇ ಡಿಐ ಇದೆಯಲ್ಲ" ಅಂದರು. ಇತ್ತು, ನಿಜ. ಅದರ ಪಕ್ಕದಲ್ಲಿ ಪ್ರಿ, ಪೋಸ್ಟ್ ಅಂತ ಸ್ವಿಚ್ ಇರುತ್ತದೆ. ಪ್ರಿ ಅಂದರೆ ನಾಬ್‌ಗಳಿಗಿಂತ ಮೊದಲಿನ ಸಿಗ್ನಲ್, ಪೋಸ್ಟ್ ಅಂದರೆ ನಾಬ್‌ಗಳೆಲ್ಲ ದಾಟಿದ ಮೇಲಿನದ್ದು. ನಿಮ್ಮ ಆಂಪ್‌ನಲ್ಲಿ ಆ ಸ್ವಿಚ್ ಪೋಸ್ಟ್ ಕಡೆಗೇ ಕಚ್ಚಿಕೊಂಡು ಕೂತಿತ್ತು. ಪೆನ್ನಿನ ತುದಿಯಿಂದ ಒತ್ತಿ ನೋಡಿದೆ, ಅಲುಗಾಡಲಿಲ್ಲ. ಹಾಗಾಗಿ ವೇದಿಕೆ ಮೇಲೆ ಬೇಸ್ ಸಿಗುತ್ತಿಲ್ಲ ಅಂತ ನಾನು ಏರಿಸಿದ್ದೆಲ್ಲ ಸೀದಾ ನಿಮ್ಮ ಹದಿನೆಂಟಿಂಚಿನ ಸಬ್‌ಗಳಿಗೆ ಹೋಯಿತು.

ನನ್ನ ತಮ್ಮ ಮೈದಾನದ ಹಿಂದೆ, ಕಡಲೇಕಾಯಿ ಗಾಡಿ ಪಕ್ಕ ನಿಂತಿದ್ದ. ಮೂರನೇ ಹಾಡು ಮುಗಿದಾಗ ಅವನ ಮೆಸೇಜ್ ನೋಡಿದೆ. "ಅಣ್ಣ, ಯಾವ ಸ್ವರ ನುಡಿಸ್ತಿದ್ದೀಯ ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಾ ಒಂದೇ ಥರ ಗುಂಯ್ ಅಂತಿದೆ. ಡಗ್ಗಾ ಕೇಳ್ತಾನೇ ಇಲ್ಲ." ಅದನ್ನು ಓದಿ ಎಷ್ಟು ಸಂಕಟ ಆಯಿತು ಅಂದರೆ, ಮುಂದಿನ ಹಾಡಿನ ಮೊದಲ ಸಾಲು ತಪ್ಪಿದೆ. ಅದು ಎಂಬತ್ತರ ದಶಕದ ಹಾಡು. ಅದರಲ್ಲಿ ಬೇಸ್ ಸುಮ್ನೆ ತಾಳ ಹಾಕಿಕೊಂಡು ಕೂರುವುದಿಲ್ಲ, ಹಾಡುವವರ ಜೊತೆ ಇನ್ನೊಂದು ರಾಗದ ಹಾಗೆ ಓಡಾಡುತ್ತದೆ. ಅದನ್ನು ನಾನು ಒಂದು ತಿಂಗಳು ಕೂತು ಕಲಿತಿದ್ದೆ. ಜನರಿಗೆ ಅದರ ಒಂದು ಸ್ವರವೂ ತಲುಪಲಿಲ್ಲ.

ಇನ್ನೊಂದು ವಿಷಯ ನಿಮ್ಮ ಆಪರೇಟರ್ ಗಮನಕ್ಕೆ ಬಂದಿರಲಿಕ್ಕಿಲ್ಲ. ನಮ್ಮ ತಂಡದ ಗಾಯಕಿ ಶ್ರುತಿ ಹಿಡಿಯುವುದು ಬೇಸ್‌ನಿಂದ. ಕೀಬೋರ್ಡ್ ಅವರ ಮಾನಿಟರ್‌ನಲ್ಲಿ ಇರುತ್ತದೆ, ಆದರೂ ಅವರು ನನ್ನ ಕ್ಯಾಬಿನೆಟ್ ಪಕ್ಕವೇ ನಿಲ್ಲುತ್ತಾರೆ. ಅವತ್ತು ಎರಡು ಸಲ ಪಲ್ಲವಿಗೆ ವಾಪಸ್ ಬರುವಾಗ ಅವರ ಸ್ವರ ಕೆಳಗಿಳಿಯಿತು. ಆಮೇಲೆ ನನ್ನ ಹತ್ತಿರ ಬಂದು, "ಅಣ್ಣ, ಇವತ್ತು ನಿಮ್ಮ ಸ್ವರ ಸಿಗ್ತಿಲ್ಲ" ಅಂದರು. ಹದಿನೈದು ವರ್ಷದಿಂದ ಹಾಡುವವರು ಅವರು. ಎದುರಿಗೆ ಕೂತ ಜನ ತಪ್ಪು ಅವರದ್ದೇ ಅಂದುಕೊಂಡರು. ನನಗೆ ಅತಿ ಹೆಚ್ಚು ಬೇಜಾರಾಗಿದ್ದು ಇದಕ್ಕೆ.

ಆರನೇ ಹಾಡಿನ ನಂತರ ಮಕ್ಕಳ ಡ್ಯಾನ್ಸ್ ಇತ್ತು, ಟ್ರ್ಯಾಕ್ ಹಾಕಿದ್ದರು. ನನ್ನ ಚಾನೆಲ್ ಮಿಕ್ಸರ್‌ನಲ್ಲಿ ಮ್ಯೂಟ್ ಆಗಿತ್ತು. ಆ ಹತ್ತು ನಿಮಿಷ ನನಗೆ ಸಿಕ್ಕಿತು. ಮೊದಲು ಲೋಡ್, ಅಂದರೆ ಪೆಟ್ಟಿಗೆಗಳು ಆಂಪ್ ಮೇಲೆ ಹಾಕುವ ಹೊರೆ, ನೋಡಿದೆ. ಎರಡೂ ಪೆಟ್ಟಿಗೆ 8 ಓಮ್, ಸೇರಿದರೆ 4 ಓಮ್, ಅದಕ್ಕಿಂತ ಕಮ್ಮಿ ಓಮ್ ಆದರೆ ಆಂಪ್ ತಡೆಯೋಲ್ಲ. ಅದನ್ನು ನಿಮ್ಮವರು ಸರಿಯಾಗಿಯೇ ಜೋಡಿಸಿದ್ದರು. ಆಮೇಲೆ ಆಂಪ್ ಆಫ್ ಮಾಡಿ, ಹದಿನೈದಿಂಚಿನ ಪೆಟ್ಟಿಗೆಯ ವೈರ್ ಕಿತ್ತು, ಹತ್ತಿಂಚಿನ ಪೆಟ್ಟಿಗೆ ಒಂದರಲ್ಲೇ ಮೆಲ್ಲಗೆ ನುಡಿಸಿದೆ. ತುಂಬು ದನಿ ವಾಪಸ್ ಬಂತು! ಒಂದೇ ಪೆಟ್ಟಿಗೆ ಆದಾಗ ಆಂಪ್ ಕೊಡುವ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐದು ಸ್ಪೀಕರ್‌ನಲ್ಲಿ ನಾಲ್ಕೇ ಉಳಿದಿದ್ದವು. ಆದರೂ ಕೆಳಗಿನ ಸ್ವರ ಮೊದಲಿಗಿಂತ ಎಷ್ಟೋ ಜಾಸ್ತಿ. ಪೆಟ್ಟಿಗೆ ತೆಗೆದರೆ ಬೇಸ್ ಹೆಚ್ಚಾಗೋದು ಒಂದೇ ಕಾರಣಕ್ಕೆ ಅಲ್ವಾ? ಅವೆರಡೂ ಒಂದನ್ನೊಂದು ಕೊಲ್ಲುತ್ತಿದ್ದವು.

ಬೇಸ್ ನಾಬ್ ನಡುವಿಗೆ ತಂದೆ. ಆಪರೇಟರ್ ಹತ್ತಿರ ಹೋಗಿ, ನನ್ನ ಚಾನೆಲ್‌ನಲ್ಲಿ 40 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ, ಕಿಕ್ ಡ್ರಮ್‌ಗೆ 60ರ ಸುತ್ತ ಜಾಗ ಬಿಟ್ಟು ನನಗೆ 80-100ರ ಹತ್ತಿರ ಕೊಡಿ ಅಂತ ಕೇಳಿಕೊಂಡೆ. ಅವರು ಮಾಡಿಕೊಟ್ಟರು, ಅದನ್ನು ನೆನೆಯಬೇಕು. ಏಳನೇ ಹಾಡಿಗೆ ತಮ್ಮನ ಮೆಸೇಜ್ ಬಂತು: "ಈಗ ಕೇಳ್ತಿದೆ." ಮುಂದಿನ ಐದು ಹಾಡು ಚೆನ್ನಾಗಿ ಬಂದವು. ಡಗ್ಗಾ ಕೇಳಿಸಿತು, ಗಾಯಕಿಯ ಮುಖ ಅರಳಿತು. ಅಂದರೆ ನಿಮ್ಮ ಸಬ್, ಟಾಪ್, ಮಿಕ್ಸರ್ ಎಲ್ಲ ಒಳ್ಳೆಯವೇ.

ಕಾರ್ಯಕ್ರಮ ಮುಗಿದು ನಿಮ್ಮ ಹುಡುಗರು ಪೆಟ್ಟಿಗೆ ಲಾರಿಗೆ ಏರಿಸುವ ಮೊದಲು ಅನುಮಾನ ಬಗೆಹರಿಸಿಕೊಂಡೆ. ನನ್ನ ಗಿಟಾರ್‌ನೊಳಗೆ 9 ವೋಲ್ಟಿನ ಚೌಕ ಬ್ಯಾಟರಿ ಇರುತ್ತದೆ, ಅದನ್ನು ತೆಗೆದೆ. ಹತ್ತಿಂಚಿನ ಪೆಟ್ಟಿಗೆಗೆ ವೈರ್ ಚುಚ್ಚಿ, ಇನ್ನೊಂದು ತುದಿಯ ಜ್ಯಾಕ್‌ನ ಮೂತಿಗೆ ಬ್ಯಾಟರಿಯ ಪ್ಲಸ್, ಹಿಂದಿನ ಭಾಗಕ್ಕೆ ಮೈನಸ್ ಒಂದು ಕ್ಷಣ ತಾಗಿಸಿದೆ. ಟಪ್ ಅಂತ ನಾಲ್ಕೂ ಸ್ಪೀಕರ್‌ಗಳ ಕೋನ್ (ಅದುರುವ ಮುಂಭಾಗ) ಹೊರಗೆ ಬಂದವು. ಹಾಗೇ ಬರಬೇಕು. ಅದೇ ವೈರ್ ಹದಿನೈದಿಂಚಿನದಕ್ಕೆ ಚುಚ್ಚಿ ಅದೇ ರೀತಿ ತಾಗಿಸಿದೆ. ಕೋನ್ ಒಳಗೆ ಹೋಯಿತು. ಮೊಬೈಲ್ ಟಾರ್ಚ್ ಹಿಡಿದು ಮೂರು ಸಲ ನೋಡಿದೆ, ಮೂರು ಸಲವೂ ಒಳಗೇ ಹೋಯಿತು. ನಿಮ್ಮ ಹುಡುಗನೊಬ್ಬ ಜಾಲರಿ ಬಿಚ್ಚಿ ಸ್ಪೀಕರ್ ಹೊರಗೆಳೆದ. ಹಿಂದೆ ಎರಡು ಕಡ್ಡಿಗೂ ಹೊಸ ಸೋಲ್ಡರ್ ಹೊಳೆಯುತ್ತಿತ್ತು. ಕೆಂಪು ವೈರ್ ಮೈನಸ್‌ಗೆ, ಕಪ್ಪು ವೈರ್ ಪ್ಲಸ್‌ಗೆ. "ಹೋದ ತಿಂಗಳು ಕಾಯಿಲ್ ಸುಟ್ಟು ರಿಪೇರಿಗೆ ಕೊಟ್ಟಿದ್ವಿ ಸಾರ್" ಅಂದ. ಅದರ ಫೋಟೊ ಮತ್ತು ಕೋನ್ ಒಳಗೆ ಹೋಗುವ ವಿಡಿಯೊ ನಿಮ್ಮ ವಾಟ್ಸಾಪ್‌ಗೆ ಕಳಿಸಿದ್ದೇನೆ.

ರಿಪೇರಿ ಮಾಡಿದವರು ಆ ಪೆಟ್ಟಿಗೆಯನ್ನು ಒಂದೇ ಇಟ್ಟು ಕೇಳಿ ನೋಡಿರುತ್ತಾರೆ. ಒಂದೇ ಇದ್ದಾಗ ತಪ್ಪು ಗೊತ್ತಾಗುವುದಿಲ್ಲ, ದನಿ ಚೆನ್ನಾಗಿಯೇ ಬರುತ್ತದೆ. ಜೊತೆಗೆ ಇನ್ನೊಂದು ಪೆಟ್ಟಿಗೆ ಸೇರಿದಾಗಲೇ ತೊಂದರೆ. ಒಂದರ ಕೋನ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತದೆ. ನನ್ನ ಕೆಳಗಿನ ತಂತಿಯ ಸ್ವರ 41 ಹರ್ಟ್ಸ್. ಅದರ ಒಂದು ಅಲೆ ಎಂಟು ಮೀಟರ್‌ಗಿಂತ ಉದ್ದ. ಒಂದರ ಮೇಲೊಂದು ಇಟ್ಟ ಎರಡು ಪೆಟ್ಟಿಗೆಗಳ ಅಂತರ ಅದರ ಮುಂದೆ ಏನೂ ಅಲ್ಲ, ಹಾಗಾಗಿ ವೇದಿಕೆಯಲ್ಲಿ ಎಲ್ಲಿ ನಿಂತರೂ ಆ ಸ್ವರ ಸತ್ತಿರುತ್ತದೆ. ಮೇಲಿನ ಟಕ್ ಟಕ್ ಸದ್ದಿನ ಅಲೆ ಗಿಡ್ಡ, ಅದು ತಪ್ಪಿಸಿಕೊಳ್ಳುತ್ತದೆ. ನನಗೆ ಕೇಳಿಸಿದ್ದು ಅದೊಂದೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಂಪ್‌ನಿಂದ ಹದಿನೈದಿಂಚಿನ ಪೆಟ್ಟಿಗೆಗೆ ಹಾಕಿದ್ದದ್ದು ಗಿಟಾರ್ ವೈರ್, ಸ್ಪೀಕರ್ ವೈರ್ ಅಲ್ಲ. ಎರಡರ ಜ್ಯಾಕ್ ಒಂದೇ ಥರ ಇರುವುದರಿಂದ ಕತ್ತಲಲ್ಲಿ ಕೈತಪ್ಪುವುದು ಸಹಜ. ಆದರೆ ಗಿಟಾರ್ ವೈರ್ ಒಳಗಿನ ತಂತಿ ಕೂದಲಿನಷ್ಟು ಸಣ್ಣ. ಅಷ್ಟು ಕರೆಂಟ್ ಹರಿದರೆ ಬಿಸಿಯಾಗುತ್ತದೆ, ಶಾರ್ಟ್ ಆದರೆ ನಿಮ್ಮ ಆಂಪ್‌ಗೇ ಅಪಾಯ. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಸಿ.

ನಿಮ್ಮ ಹುಡುಗರ ಮೇಲೆ ನನ್ನ ದೂರು ಇಲ್ಲ. ಅವರು ರಾತ್ರಿ ಹನ್ನೊಂದರವರೆಗೆ ಊಟ ಕೂಡ ಮಾಡದೆ ಪೆಟ್ಟಿಗೆ ಹೊತ್ತರು. ರಿಪೇರಿಯಾಗಿ ಬಂದ ಸ್ಪೀಕರನ್ನು ಪರೀಕ್ಷೆ ಮಾಡದೆ ಬಾಡಿಗೆಗೆ ಕಳಿಸಿದ್ದು ಅಂಗಡಿಯ ತಪ್ಪು. ಕೊಟೇಶನ್‌ನಲ್ಲಿ ಬರೆದ ಸಾಮಾನು ಕಳಿಸದೇ ಇದ್ದದ್ದೂ ಅಂಗಡಿಯದೇ ತಪ್ಪು. ಫೋನಿನಲ್ಲಿ ನೀವು, "ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಯಾರು ಕೇಳ್ತಾರೆ, ಜನಕ್ಕೆ ಸಬ್ ಗುಂ ಅಂದ್ರೆ ಸಾಕು" ಅಂದಿರಿ. ಆ ಮಾತು ನನಗೆ ನೋವಾಯಿತು. ಜನ ಬೇಸ್ ಅನ್ನು ಹೆಸರು ಹಿಡಿದು ಕೇಳದೇ ಇರಬಹುದು. ಆದರೆ ಏಳನೇ ಹಾಡಿಗೆ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿಕೊಂಡು ತಾಳ ಹಾಕಿದರು. ಮೊದಲ ಆರು ಹಾಡಿಗೆ ಹಾಕಿರಲಿಲ್ಲ. ನಿಮ್ಮ ಆಪರೇಟರ್ ಕೂಡ ಅದನ್ನು ನೋಡಿದ್ದಾರೆ, ಕೇಳಿ.

ನಾನು ಕೇಳುತ್ತಿರುವುದು ಇಷ್ಟು. ಬೇಸ್ ಸಾಮಾನಿಗೆಂದು ತೆಗೆದುಕೊಂಡ 4,500 ರೂಪಾಯಿಯನ್ನು ನಮ್ಮ ತಂಡಕ್ಕೆ ವಾಪಸ್ ಕೊಡಿ. ಉಳಿದ 23,500 ರೂಪಾಯಿಯ ಬಗ್ಗೆ ನನ್ನ ತಕರಾರಿಲ್ಲ. ಆ ಹದಿನೈದಿಂಚಿನ ಪೆಟ್ಟಿಗೆಯ ವೈರ್ ಸರಿ ಮಾಡಿಸದೆ ಬೇರೆ ಯಾರಿಗೂ ಕಳಿಸಬೇಡಿ. ಸೋಲ್ಡರ್ ಬಿಚ್ಚಿ ಅದಲು ಬದಲು ಮಾಡಲು ಹತ್ತು ನಿಮಿಷ ಸಾಕು. ಆಂಪ್‌ನ ಆ ಸ್ವಿಚ್ ಬದಲಾಯಿಸಿ. ಬೇಸ್ ಗಿಟಾರ್ ಇರುವ ಯಾವ ತಂಡಕ್ಕೆ ಹೋದರೂ ಡಿಐ ಬಾಕ್ಸ್ ಜೊತೆಗಿರಲಿ.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಎರಡು ಕಾರ್ಯಕ್ರಮಕ್ಕೆ ನಿಮಗೆ ಅಡ್ವಾನ್ಸ್ ಕೊಟ್ಟಿದ್ದೇವೆ. ಅದನ್ನು ರದ್ದು ಮಾಡುವ ಮನಸ್ಸು ನಮಗಿಲ್ಲ. ಈ ಪತ್ರ ತಲುಪಿದ ಹತ್ತು ದಿನದೊಳಗೆ ಉತ್ತರ ಬರೆಯಿರಿ. ಪೆಟ್ಟಿಗೆ ರಿಪೇರಿಯಾದ ದಿನ ತಿಳಿಸಿದರೆ ನಾನೇ ಗಿಟಾರ್ ತೆಗೆದುಕೊಂಡು ನಿಮ್ಮ ಗೋಡೌನ್‌ಗೆ ಬರುತ್ತೇನೆ. ಎರಡೂ ಪೆಟ್ಟಿಗೆ ಒಟ್ಟಿಗೆ ಜೋಡಿಸಿ, ನಿಮ್ಮ ಎದುರಿಗೇ ಕೆಳಗಿನ ತಂತಿ ಮೀಟಿ ನೋಡೋಣ. ಬ್ಯಾಟರಿ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೇಸ್ ಗಿಟಾರ್ ವಾದಕ, ತಿಪಟೂರು

ಲಗತ್ತು: ಕೊಟೇಶನ್ ಮತ್ತು ಹಣ ಸಂದಾಯದ ರಸೀದಿಯ ಪ್ರತಿ, ಸ್ಪೀಕರ್‌ನ ಹಿಂಭಾಗದ ಎರಡು ಫೋಟೊ