ಭಾನುವಾರ ಗಿಡ ನೆಡೋಕೆ ಬರೋರು ಓದಿ

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 8ಕ್ಕೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ಹತ್ರ ಸೇರೋಣ, ಮಳೆ ಇದ್ರೆ ಇನ್ನೂ ಒಳ್ಳೇದು. ಅಕೇಶಿಯಾ ಗಿಡ ಮಾತ್ರ ದಯವಿಟ್ಟು ತರ್ಬೇಡಿ, ಫ್ರೀಯಾಗಿ ಸಿಕ್ತು ಅಂದ್ರೂ ಬೇಡ. ಬೇಗ ಬೆಳಿಯತ್ತೆ ನಿಜ, ಆದ್ರೆ ಆಸ್ಟ್ರೇಲಿಯಾ ಕಡೆ ಮರ ಅದು, ಎಲೆ ಬೇಗ ಕೊಳಿಯಲ್ಲ, ಬೇಸಿಗೇಲಿ ದಪ್ಪಕ್ಕೆ ಒಣಗಿ ಬಿದ್ದಿರತ್ತೆ, ಒಂದು ಬೀಡಿ ಕಿಡಿ ಸಾಕು. ಮತ್ತೆ ಒಂದೇ ಜಾತಿ ಮರ ಇದ್ರೆ ರೋಗ ಬಂದ್ರೂ ಬರ ಬಂದ್ರೂ ಎಲ್ಲಾ ಒಟ್ಟಿಗೇ ಹೋಗ್ಬಹುದು, ಹತ್ತಾರು ಜಾತಿ ಬೆರೆತಿದ್ರೆ ಕೆಲವಾದ್ರೂ ಉಳ್ಕೊಳ್ತಾವೆ.

ಮತ್ತಿ, ಹೊನ್ನೆ, ನಂದಿ, ಉಪ್ಪಾಗೆ, ಮುರುಗಲು, ರಂಜಲು ಯಾವ್ದಿದ್ರೂ ತನ್ನಿ. ಧೂಪ, ಹೆಬ್ಬಲಸು, ನೇರಳೆ ಬೀಜ ಆರಿಸಿದೋರು ಬಿಸಿಲಿಗೆ ಒಣಗಿಸ್ಬೇಡಿ ಮಾರಾಯ್ರೆ, ಭತ್ತದ ಬೀಜದ ಥರ ಅಲ್ಲ ಅವು, ಒಣಗಿದ್ರೆ ಸತ್ತೇ ಹೋಗ್ತಾವೆ, ಒದ್ದೆ ಗೋಣಿಚೀಲದಲ್ಲಿಟ್ಟು ತನ್ನಿ.

ಬೆಟ್ಟದ ಮೇಲ್ಭಾಗದಲ್ಲಿ ಏನೂ ನೆಡೋದಿಲ್ಲ. ಅಲ್ಲಿ ಹಳೇ ಬೊಡ್ಡೆಯಿಂದ ಮತ್ತಿ ತಾನಾಗೇ ಚಿಗುರಿದೆ, ಮಂಗಟ್ಟೆ, ಪಿಕಳಾರ ಹಕ್ಕಿಗಳು ಹಣ್ಣು ತಿಂದು ಹಿಕ್ಕೆ ಹಾಕಿ ಹುಟ್ಟಿದ ಸಸಿಗಳೂ ಇದಾವೆ, ದನ ಹೋಗದ ಹಾಗೆ ಬೇಲಿ ಮಾಡಿ ಬಳ್ಳಿ ಬಿಡಿಸಿದ್ರೆ ಸಾಕು. ಕತ್ತಿ ಹಿಡ್ಕೊಂಡ ಉತ್ಸಾಹದಲ್ಲಿ ಅದನ್ನೆಲ್ಲ ಸವರಿ ಹಾಕ್ಬೇಡಿ. ಪಕ್ಕದ ಬ್ಯಾಣದಲ್ಲಂತೂ ಗಿಡ ಬೇಡ್ವೇ ಬೇಡ, ಹುಲ್ಲುಗಾವಲು ಅಂದ್ರೆ ಖಾಲಿ ಜಾಗ ಅಲ್ಲ.

ಉಂಬಳ (ಜಿಗಣೆ) ಜೋರಿದೆ, ಉಪ್ಪಿನ ಗಂಟು ಇಟ್ಕೊಳ್ಳಿ. ಬರೋರು ಶನಿವಾರ ರಾತ್ರಿ ಒಳಗೆ ಇಲ್ಲೇ ಹೇಳಿ, ಅವಲಕ್ಕಿ ಎಷ್ಟು ಜನಕ್ಕೆ ಅಂತ ಗೊತ್ತಾಗ್ಬೇಕು.