ದೆವ್ವ ಹುಡುಕಿಕೊಂಡು ಕೆಜಿಎಫ್‌ಗೆ ರಾತ್ರಿ ಬರಬೇಡಿ

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಹಳೇ ಗಣಿಗಳ ಕಡೆ ಈಚೆಗೆ ಶನಿವಾರ ರಾತ್ರಿ ಬೈಕು, ಕಾರುಗಳ ಓಡಾಟ ಜಾಸ್ತಿಯಾಗಿದೆ. ಬರುವವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಕೈಯಲ್ಲಿ ಟಾರ್ಚು, ಕ್ಯಾಮೆರಾ, ವಿದ್ಯುತ್ಕಾಂತೀಯ ಅಲೆ ಸಿಕ್ಕರೆ ಮಿಣಮಿಣ ಅನ್ನುವ ಒಂದು ಮೀಟರು. ಪಾಳು ಬಿದ್ದ ಬಂಗಲೆ, ಮುಚ್ಚಿದ ಶಾಫ್ಟು (ಗಣಿಗೆ ಇಳಿಯುವ ಆಳದ ಬಾವಿ), ಹಳೇ ಸಮಾಧಿಗಳು, ಎಲ್ಲಿ ದೆವ್ವ ಇದೆ ಅಂತ ಯಾರೋ ಹೇಳಿದರೋ ಅಲ್ಲಿಗೆ ನುಗ್ಗುತ್ತಾರೆ. ವಾರ ಕಳೆಯುವಷ್ಟರಲ್ಲಿ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಸುಮ್ಮನಿರಲು ಆಗಲಿಲ್ಲ, ಬರೆಯುತ್ತಿದ್ದೇನೆ.

ಈ ನೆಲ ಎಂಥದ್ದು ಅಂತ ಆ ಹುಡುಗರಿಗೆ ಗೊತ್ತಿಲ್ಲ. 1880ರಲ್ಲಿ ಚಿನ್ನ ತೆಗೆಯಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೂ ಅಗೆದದ್ದೇ ಅಗೆದದ್ದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಮುಚ್ಚಿದ ಮೇಲೆ ಪಂಪು ನಿಂತು ಒಳಗೆಲ್ಲ ನೀರು ತುಂಬಿದೆ. ಎಲ್ಲ ಶಾಫ್ಟಿಗೂ ಗಟ್ಟಿ ಗೋಡೆ ಇದೆ ಅಂತ ಯಾರೂ ನಂಬಬೇಡಿ. ಜಾಲಿ ಬೆಳೆದ ಕಡೆ ಗುಂಡಿಯ ಬಾಯಿ ಎಲ್ಲಿದೆ ಅಂತ ಹಗಲಲ್ಲೇ ಗೊತ್ತಾಗುವುದಿಲ್ಲ. ಒಳಗೆ ಉಸಿರಾಡುವ ಗಾಳಿಯೂ ಇರುವುದಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಕಡೆ ಮುಚ್ಚಿದ ಗಣಿಗೆ ಕಳ್ಳತನಕ್ಕೆ ಇಳಿದವರಲ್ಲಿ ಮೂವರು ಸತ್ತರು. ಕ್ಯಾಮೆರಾದ ಪರದೆ ನೋಡಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುವ ಹುಡುಗನಿಗೆ ಏನಾದರೂ ಆದರೆ ಅವನ ಮನೆಯವರಿಗೆ ಯಾರು ಉತ್ತರ ಹೇಳುತ್ತಾರೆ?

ವಿಡಿಯೊಗಳಲ್ಲಿ ಬರುವ ‘ಸಾಕ್ಷಿ’ಗಳನ್ನು ಇಲ್ಲಿ ಬೆಳೆದ ಯಾರಿಗೆ ತೋರಿಸಿದರೂ ವಿವರ ಸಿಗುತ್ತದೆ. ನೆಲದೊಳಗಿಂದ ಧಡ್ ಅನ್ನುವ ಸದ್ದು ಬಂದರೆ ಅದನ್ನು ನಮ್ಮ ಹಿರಿಯರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಒಮ್ಮೆಲೇ ಸಡಿಲವಾದರೆ ಬಂಡೆ ಸಿಡಿಯುತ್ತದೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗುತ್ತವೆ. ಗಣಿ ಮುಚ್ಚಿ ನೀರು ತುಂಬಿದ ಮೇಲೂ ಈ ಕಂಪನ ನಿಲ್ಲಲಿಲ್ಲ. ಕ್ಯಾಮೆರಾದಲ್ಲಿ ತೇಲಾಡುವ ಬಿಳಿ ಉಂಡೆಗಳು ದೂಳಿನ ಕಣಗಳು. ಲೆನ್ಸಿನ ಹತ್ತಿರ ಹಾರುವ ಕಣಕ್ಕೆ ಬೆಳಕು ಬಿದ್ದರೆ ದೊಡ್ಡದಾಗಿ, ಮಸುಕಾಗಿ ಕಾಣುತ್ತದೆ. ನಮ್ಮಲ್ಲಿ ದೂಳಿಗೆ ಬರವೇ? ಚಿನ್ನ ತೆಗೆದು ಉಳಿದ ಪುಡಿಯನ್ನು ಗುಡ್ಡ ಗುಡ್ಡವಾಗಿ ಸುರಿದಿದ್ದಾರೆ. ಸೈನೈಡ್ ದಿಬ್ಬ ಅಂತಲೇ ಕರೆಯುತ್ತೇವೆ. ಗಾಳಿ ಕಾಲದಲ್ಲಿ ಆ ದೂಳು ಅಡುಗೆಮನೆಯ ಡಬ್ಬಿಯ ಮೇಲೂ ಕೂರುತ್ತದೆ. ದೆವ್ವಕ್ಕೆ ಹೆದರದಿದ್ದರೂ ಪರವಾಗಿಲ್ಲ, ಆ ದೂಳನ್ನು ಉಸಿರಾಡಲು ಹೆದರಬೇಕು. ಇನ್ನು ಬಂಗಲೆಯ ಸೂರಿನಿಂದ ಕರ್ಕಶವಾಗಿ ಚೀರುವುದು ಗೂಬೆ. ಬಿಳಿ ಮುಖದ ಈ ಹಕ್ಕಿ ಪಾಳು ಮನೆ, ಹಳೇ ಚರ್ಚುಗಳಲ್ಲಿ ಗೂಡು ಮಾಡುತ್ತದೆ. ರಾತ್ರಿಯೆಲ್ಲ ಇಲಿ ಹಿಡಿದು ನಮಗೆ ಉಪಕಾರ ಮಾಡುತ್ತದೆ. ಮರಿ ಇರುವ ಗೂಡಿಗೆ ಟಾರ್ಚು ಬಿಟ್ಟು ಕಲ್ಲು ಹೊಡೆಯುವುದು ಯಾವ ಧೈರ್ಯ?

ನನಗೆ ನಿಜಕ್ಕೂ ನೋವು ಕೊಟ್ಟದ್ದು ಬೇರೆ. ಇವರು ಸ್ಪಿರಿಟ್ ಬಾಕ್ಸ್ ಅಂತ ಒಂದು ಪೆಟ್ಟಿಗೆ ತರುತ್ತಾರೆ. ಅದು ರೇಡಿಯೊ. ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಎಲ್ಲೂ ನಿಲ್ಲದೆ ಸರಸರ ತಿರುಗುತ್ತಿರುತ್ತದೆ. ನಮ್ಮೂರಿರುವುದು ಆಂಧ್ರ, ತಮಿಳುನಾಡು ಗಡಿಯ ಹತ್ತಿರ. ಅರ್ಧ ಕನ್ನಡ, ಕಾಲು ತಮಿಳು, ಚೂರು ತೆಲುಗು ಎಲ್ಲ ಕಿವಿಗೆ ಬೀಳುತ್ತದೆ. ಒಂದು ವಿಡಿಯೊದಲ್ಲಿ ಹುಡುಗ ಶಾಫ್ಟಿನ ಮುಂದೆ ನಿಂತು ‘ನೀವು ಇಲ್ಲೇ ಸತ್ತಿರಾ?’ ಅಂತ ಕೇಳುತ್ತಾನೆ. ಪೆಟ್ಟಿಗೆಯಿಂದ ‘ಆಮಾ’ (ತಮಿಳಿನಲ್ಲಿ ‘ಹೌದು’) ಅಂತ ಏನೋ ಕೇಳಿಸುತ್ತದೆ. ಅಷ್ಟಕ್ಕೇ ಕೂಗಾಟ, ಓಟ.

ನಮ್ಮ ದೊಡ್ಡಪ್ಪ ಗಣಿಯೊಳಗೆ ಏರ್ ಬ್ಲಾಸ್ಟ್ ಆದಾಗ ತೀರಿಕೊಂಡವರು. ಮೊಮ್ಮಗ ಆ ವಿಡಿಯೊವನ್ನು ದೊಡ್ಡಮ್ಮನಿಗೆ ತೋರಿಸಿದ. ಅವರು ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮಾತಾಡ್ತಾರಂತಲ್ಲ, ನನ್ನೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?’ ಅಂದರು. ನಾನು ಏನು ಹೇಳಲಿ? ಆ ಶಾಫ್ಟು ವಿಡಿಯೊ ಮಾಡುವವರಿಗೆ ಬರೀ ಭಯದ ಜಾಗ. ಇಲ್ಲಿ ಎಷ್ಟೋ ಮನೆಯವರಿಗೆ ಅದು ಗಂಡನನ್ನೋ ಅಪ್ಪನನ್ನೋ ಕೊನೆಯದಾಗಿ ಕಳಿಸಿಕೊಟ್ಟ ಜಾಗ. ಅವರು ಇನ್ನೂ ಬದುಕಿದ್ದಾರೆ, ಮೊಬೈಲು ನೋಡುತ್ತಾರೆ ಅನ್ನುವುದನ್ನೇ ಇವರು ಮರೆತಿದ್ದಾರೆ.

ಸಮಾಧಿಗಳ ಮೇಲೆ ಕಾಲಿಟ್ಟು ಶೂಟಿಂಗ್ ಮಾಡುವವರಿಗೆ ಇನ್ನೊಂದು ಮಾತು. ಜನರ ಮನಸ್ಸು ನೋಯುತ್ತದೆಂದು ಗೊತ್ತಿದ್ದೂ ಹೂಳುವ ಜಾಗಕ್ಕೆ ಅತಿಕ್ರಮವಾಗಿ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್ ಪ್ರಕಾರ ಅಪರಾಧ. ತಮಾಷೆಗೆ ಮಾಡಿದೆವು ಅಂದರೂ ಪೊಲೀಸರು ಬಿಡುವುದಿಲ್ಲ. 2019ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ದೆವ್ವದ ವೇಷ ಹಾಕಿ ದಾರಿಹೋಕರನ್ನು ಹೆದರಿಸಿದ ಏಳು ಯುವಕರನ್ನು ಬಂಧಿಸಿದ್ದು ನೆನಪಿರಬಹುದು.

ಹುಡುಗರ ಕುತೂಹಲ ತಪ್ಪು ಅಂತ ನಾನು ಹೇಳುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಹುಡುಕುವುದು ನಮ್ಮ ಗಣಿಗೆ ಹೊಸದಲ್ಲ. 1965ರಲ್ಲಿ ಇದೇ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ 2 ಕಿಲೋಮೀಟರಿಗಿಂತ ಕೆಳಗೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ ನ್ಯೂಟ್ರಿನೊ ಕಣದ ಗುರುತು ಹಿಡಿದರು. ವಾತಾವರಣದಲ್ಲಿ ಹುಟ್ಟುವ ಆ ಕಣ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. ಎಲ್ಲೋ ಅಪರೂಪಕ್ಕೊಮ್ಮೆ ಸಿಕ್ಕಿಬೀಳುತ್ತದೆ. ಮೇಲಿನಿಂದ ಬರುವ ಬೇರೆ ಕಣಗಳನ್ನು ಬಂಡೆಯೇ ತಡೆಯಲಿ ಅಂತಲೇ ಅಷ್ಟು ಆಳಕ್ಕೆ ಹೋದರು. ಉಪಕರಣ ಇಟ್ಟು ತಿಂಗಳುಗಟ್ಟಲೆ ಕಾದರು. ಇದು ಬೇರೇನಾದರೂ ಇರಬಹುದಾ ಅಂತ ಮತ್ತೆ ಮತ್ತೆ ಪರೀಕ್ಷಿಸಿದರು. ಮೀಟರಿನ ದೀಪ ಹೊತ್ತಿಕೊಂಡರೆ ಮೊದಲು ಜೇಬಿನ ಮೊಬೈಲು ಆಫ್ ಮಾಡಿ ನೋಡಬೇಕು ಅನ್ನುವಷ್ಟು ತಾಳ್ಮೆಯಾದರೂ ಇವರಿಗೆ ಬೇಡವೇ?

ಗಣಿ ಜಾಗ ನೋಡಿಕೊಳ್ಳುವ ಅಧಿಕಾರಿಗಳಲ್ಲಿ, ಜಿಲ್ಲಾಡಳಿತದಲ್ಲಿ ನನ್ನ ಕೋರಿಕೆ ಇಷ್ಟೇ. ಶಾಫ್ಟುಗಳ ಸುತ್ತ ಬೇಲಿ ಸರಿ ಮಾಡಿಸಿ. ಅಪಾಯದ ಬೋರ್ಡನ್ನು ಕನ್ನಡದಲ್ಲೂ ತಮಿಳಿನಲ್ಲೂ ದೊಡ್ಡದಾಗಿ ಹಾಕಿಸಿ. ಶನಿವಾರ, ಭಾನುವಾರ ರಾತ್ರಿ ಗಸ್ತು ಹೆಚ್ಚಿಸಿ. ಅಪಾಯವಿಲ್ಲದ ಕಡೆಗಳನ್ನು ಹಗಲು ಹೊತ್ತು ತೋರಿಸಲು ನಿವೃತ್ತ ಕಾರ್ಮಿಕರನ್ನೇ ನೇಮಿಸಿದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಹುಡುಗರಿಗೂ ಒಂದು ಕರೆ. ಕ್ಯಾಮೆರಾ ತನ್ನಿ, ಒಳ್ಳೇ ಮೈಕು ತನ್ನಿ. ಕೇಜಿನಲ್ಲಿ (ಗಣಿಯೊಳಗೆ ಇಳಿಸುವ ಲಿಫ್ಟಿನಲ್ಲಿ) ಇಳಿದವರು, ಏರ್ ಬ್ಲಾಸ್ಟ್ ಆದಾಗ ಜೊತೆಗಾರರನ್ನು ಹೊತ್ತು ತಂದವರು ಇನ್ನೂ ನಮ್ಮ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇದ್ದಾರೆ. ಕೇಳಿದರೆ ಹೇಳುತ್ತಾರೆ. ಗಣಿಯ ದೂಳು ಕುಡಿದು ಎದೆ ಹಾಳಾದವರು, ಸಂಜೆಯಾದರೆ ಕೆಮ್ಮು ಜಾಸ್ತಿ. ಅದಕ್ಕೇ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಬನ್ನಿ.

– ಗಣಿ ಕಾರ್ಮಿಕರೊಬ್ಬರ ಮಗ, ಕೆಜಿಎಫ್