ಮೇಕೆ ಹಾಲಿನ ಬ್ರುನೋಸ್ಟ್ ಬಾಕ್ಸ್ ಬಗ್ಗೆ (ಸ್ವಲ್ಪ ಉದ್ದ ಆಯ್ತು)

ಎಲ್ರಿಗೂ ನಮಸ್ಕಾರ,

ವಿಷಯ ಮೊದಲೇ ಹೇಳಿಬಿಡ್ತೀವಿ, ಬಯ್ಯೋದು ಆಮೇಲೆ ಬಯ್ಯಿರಿ. ಈ ಸೀಸನ್ನಿಂದ ಮೇಕೆ ಹಾಲಿನ ಬ್ರುನೋಸ್ಟ್ (ಇಲ್ಲಿ ನಾರ್ವೆಯ ಕಂದು ಚೀಸು) ವರ್ಷಪೂರ್ತಿ ಕಳಿಸಲ್ಲ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ. ಅರ್ಧ ಕೇಜಿ ತುಂಡು ಇನ್ಮೇಲೆ ಇಲ್ಲ, ಕಾಲು ಕೇಜಿದು ಅಷ್ಟೇ. ಲೆಫ್ಸೆ (ಇಲ್ಲಿನ ತೆಳು ರೊಟ್ಟಿ), ಹಾರ್ಡಾಂಗರ್ ಕಡೆಯ ಸೇಬಿನ ಜ್ಯೂಸು ಎಲ್ಲಾ ಸೇರಿ ಬಾಕ್ಸಿಗೆ 490 ಕ್ರೋನರ್ ಇದ್ದದ್ದು 540 ಆಗತ್ತೆ. ಹೌದು, ಸೈಜು ಕಮ್ಮಿ, ರೇಟು ಜಾಸ್ತಿ. ಬರೆಯೋವಾಗ ನಮಗೇ ಮುಜುಗರ ಆಗ್ತಿದೆ.

ಈಗ ಆ ಮಾತು. "ಅದೇ ಚೀಸು ಸೂಪರ್‌ಮಾರ್ಕೆಟಲ್ಲಿ ಅರ್ಧ ರೇಟಿಗೆ ಸಿಗತ್ತಲ್ಲ." ವಾಟ್ಸಾಪಲ್ಲಿ ಎಷ್ಟು ಸಲ ಬಂತೋ ಲೆಕ್ಕ ಇಟ್ಟಿಲ್ಲ, ಯುಗಾದಿ ಕಾರ್ಯಕ್ರಮದಲ್ಲಂತೂ ನಮ್ಮ ಸ್ಟಾಲ್ ಮುಂದೇನೇ ನಿಂತು ಒಬ್ಬರು ಪಕ್ಕದವರಿಗೆ ಹೇಳ್ತಿದ್ರು, ನಾವು ಕೇಳಿಸದೇ ಇದ್ದೋರ ತರ ಜ್ಯೂಸ್ ಬಾಟ್ಲಿ ಜೋಡಿಸ್ತಾ ಇದ್ವಿ. ಸರ್, ಅದೇ ಚೀಸಲ್ಲ ಅದು. ನೀವು ಹೇಳ್ತಿರೋದು ಹೆಚ್ಚಿನಂಶ ಹಸುವಿನ ಹಾಲಿಂದು, ಮೇಕೆದು ಸ್ವಲ್ಪ ಇರತ್ತೆ. 1863ರಲ್ಲಿ ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆ ಕಡೆ ಆನ್ನೆ ಹೋವ್ ಅನ್ನೋ ರೈತ ಹೆಣ್ಣುಮಗಳು ಕುದಿಯೋ ಹಾಲೊಡಕಿಗೆ ಕೆನೆ ಸೇರಿಸಿ ನೋಡಿದ್ದು, ಆ ರುಚೀನೇ ಇವತ್ತು ದೇಶ ಪೂರ್ತಿ ತಿನ್ನೋದು. ಕೆಟ್ಟದ್ದೇನಲ್ಲ, ನಮ್ಮನೆ ಫ್ರಿಜ್ಜಲ್ಲೂ ಇದೆ, ಮಕ್ಕಳ ಡಬ್ಬಿಗೆ ಅದೇ ಹಾಕೋದು. ಪ್ಯಾಕೆಟ್ ಮೇಲೆ "ಎಕ್ತೆ" ಅಂತಿದ್ರೆ ಪೂರ್ತಿ ಮೇಕೆ ಹಾಲಿಂದು ಅಂತ ಅರ್ಥ, ಅದೂ ಅಂಗಡೀಲಿ ಸಿಗತ್ತೆ, ಸುಳ್ಳು ಯಾಕೆ ಹೇಳೋಣ. ಆದ್ರೆ ಅದು ಫ್ಯಾಕ್ಟರೀದು, ನಮ್ಮದು ಔರ್‌ಲಾಂಡ್ಸ್‌ಫಿಯೋರ್ಡ್ (ಬೆಟ್ಟಗಳ ನಡುವೆ ಒಳಕ್ಕೆ ಬಂದಿರೋ ಸಮುದ್ರ) ದಡದ ಒಂದು ಮನೇಲಿ ಹಸಿ ಹಾಲಲ್ಲಿ ಮಾಡೋದು.

ನಮ್ಮೂರ ಕಡೆ ಆಲೆಮನೆ ನೋಡಿದೋರಿಗೆ ಬೇಗ ಅರ್ಥ ಆಗತ್ತೆ. ಹಾಲು ಒಡೆಸಿ ಗಟ್ಟಿ ಭಾಗ ಬಿಳಿ ಚೀಸಿಗೆ ತೆಗೀತಾರೆ. ಉಳಿದ ನೀರು ಇದ್ಯಲ್ಲ, ನಾವಾದ್ರೆ ಚಪಾತಿ ಹಿಟ್ಟಿಗೆ ಹಾಕ್ತೀವಿ ಇಲ್ಲಾ ಚೆಲ್ತೀವಿ, ಅದನ್ನ ಇವರು ಎಂಟು ಹತ್ತು ಗಂಟೆ ಕುದಿಸ್ತಾರೆ. ಹತ್ತು ಲೀಟರಲ್ಲಿ ಒಂಬತ್ತು ಲೀಟರ್ ಮೇಲೆ ಬರೀ ನೀರೇ, ಹೆಚ್ಚುಕಮ್ಮಿ ಅಷ್ಟೂ ಆವಿಯಾಗಿ ಹೋಗಬೇಕು. ಬಣ್ಣ ಹಾಕಲ್ಲ, ಸಕ್ಕರೆ ಹಾಕಲ್ಲ, ಹಾಲಲ್ಲಿರೋ ಸಕ್ಕರೇನೇ ಕಂದು ತಿರುಗೋದು. ಹೋದ ಜುಲೈಲಿ ನಾನೂ ಒಂದಿನ ಸೌಟು ಹಿಡಿದಿದ್ದೆ. ಮಧ್ಯಾಹ್ನದ ತನಕ ಬುಳುಬುಳು ಅಂತ ಸುಮ್ನೆ ಕುದೀತಿತ್ತು, ಕಿಟಕಿ ಗಾಜೆಲ್ಲ ಹಬೆ ಹಿಡಿದು ಎದುರಿಗಿರೋ ಫಿಯೋರ್ಡೇ ಕಾಣ್ತಿರಲಿಲ್ಲ, ಸಂಜೆ ಹೊತ್ತಿಗೆ ಸದ್ದು ಪಟ್ ಪಟ್ ಅಂತ ದಪ್ಪ ಆಯ್ತು, ಆಗ ಕೈ ಬಿಡಬೇಡ ಅಂತ ಆ ಮನೆ ಅಜ್ಜಿ ಹೇಳೇ ಹೋಗಿದ್ರು. ನಾನು ಫೋನ್ ನೋಡಿದೆ. ಒಂದೇ ನಿಮಿಷ ಇರಬೇಕು, ತಳ ಹಿಡೀತು, ಇಡೀ ದಿನದ್ದು ಹೋಯ್ತು. ಅಜ್ಜಿ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಅವತ್ತಿಂದ ನಾವು ಆ ಮನೇಲಿ ರೇಟು ಚೌಕಾಸಿ ಮಾಡಿಲ್ಲ, ಈ ವರ್ಷ ಅವರು ಜಾಸ್ತಿ ಕೇಳಿದಾಗಲೂ ಹೂಂ ಅಂದ್ವಿ.

ಮಿಕ್ಕಿದ್ದು ಎಲ್ಲಿಗೆ ಹೋಗತ್ತೆ ಅಂದ್ರೆ, 15% ವ್ಯಾಟ್, ಅದು ನಮ್ಮ ಜೇಬಿಗಲ್ಲ. ಕರೆಂಟು, 2022ರಲ್ಲಿ ರೇಟು ಹೇಗೆ ಏರ್ತು ಅಂತ ನಿಮ್ಮನೆ ಬಿಲ್ಲೂ ಹೇಳತ್ತೆ. ಕೋಲ್ಡ್ ಕೊರಿಯರ್, ಇದು ದೊಡ್ಡ ತಲೆನೋವು, ಬಂಡೆ ಉರುಳಿ ರಸ್ತೆ ಬಂದ್ ಆದ್ರೆ ಬಾಕ್ಸು ಅಲ್ಲೇ ಕೂತಿರತ್ತೆ, ಐಸ್‌ಪ್ಯಾಕ್ ಕರಗಿದ್ರೆ ಇನ್ನೊಂದು ಬಾಕ್ಸ್ ನಮ್ಮ ಖರ್ಚಲ್ಲೇ ಕಳಿಸೋದು. (2013ರಲ್ಲಿ ಉತ್ತರದ ಒಂದು ಟನಲ್ಲಲ್ಲಿ 27 ಟನ್ ಬ್ರುನೋಸ್ಟ್ ತುಂಬಿದ್ದ ಲಾರಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರೀತಂತೆ, ನಮ್ಮ ಕೊರಿಯರ್ ಅಷ್ಟೊಂದು ಕೆಟ್ಟಿಲ್ಲ.) "ಫ್ಲೋಮ್‌ಗೆ (ಅದೇ ಫಿಯೋರ್ಡಿನ ಟೂರಿಸ್ಟ್ ಊರು) ಅಷ್ಟು ಕ್ರೂಸ್ ಹಡಗು ಬರತ್ತೆ, ನಿಮಗೇನು ಕಮ್ಮಿ" ಅಂತ ಕೇಳೋರಿದಾರೆ. ನಮ್ಮ ಅಂಗಡಿ ಅಲ್ಲಿಲ್ಲ ಮೇಡಂ, ನಾವು ಮಾರೋದು ನಿಮಗೇ.

ಚಳಿಗಾಲದಲ್ಲಿ ಯಾಕಿಲ್ಲ ಅಂದ್ರೆ ಮೇಕೆ ಮರಿ ಹಾಕೋಕೆ ಮುಂಚೆ ಹಾಲು ಬತ್ತಿಸ್ತವೆ. ಒಳ್ಳೆ ಹಾಲು ಬರೋದು ಬೇಸಿಗೇಲಿ ಬೆಟ್ಟದ ಮೇಲಿನ ಸ್ಟೋಲ್‌ಗೆ (ಬೇಸಿಗೆಯ ಹೈನು ಮನೆ) ಮೇಯೋಕೆ ಹೋದಾಗ. ಬೆಟ್ಟದ ಮೇಲಿನ ಈ ಬೇಸಿಗೆ ಹೈನುಗಾರಿಕೆ 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು, ಖುಷಿ, ಆದ್ರೆ ಮೇಕೆಗೆ ಅದು ಗೊತ್ತಿಲ್ಲ, ಡಿಸೆಂಬರಲ್ಲಿ ಹಾಲು ಕೊಡಲ್ಲ. ಹೋದ ಚಳಿಗಾಲ ನಾವು ಬುದ್ಧಿವಂತಿಕೆ ಮಾಡಿ ಫ್ರೀಜರಲ್ಲಿಟ್ಟು ಕಳಿಸಿದ್ವಿ, ಹುಡಿ ಹುಡಿ ಆಗಿ ತಲುಪ್ತು, ನೀವು ಬಯ್ದಿದ್ದು ಸರಿ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಮೊದಮೊದಲು ಕೇಳಿದೋರಿಗೆಲ್ಲ "ಪ್ಯೂರ್ ವೆಜ್" ಅಂದುಬಿಟ್ಟಿದ್ವಿ. ಹಾಲು ಒಡೆಸೋಕೆ ಆ ಮನೇಲಿ ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅಂತ ನಮಗೆ ತಡವಾಗಿ ಗೊತ್ತಾಯ್ತು, ಕೇಳಬೇಕಿತ್ತು, ಕೇಳಲಿಲ್ಲ. ಇನ್ಮೇಲೆ ಲೇಬಲ್ ಮೇಲೆ ಕನ್ನಡದಲ್ಲೇ ಬರೆದಿರತ್ತೆ. ವೆಜ್ ಅಂತ ನಂಬಿ ತಗೊಂಡೋರು ಎಷ್ಟು ಬಾಕ್ಸ್ ಅಂತ ಒಂದು ಮೆಸೇಜ್ ಹಾಕಿ, ದುಡ್ಡು ವಾಪಸ್, ಪ್ರಶ್ನೆ ಕೇಳಲ್ಲ. ನಿಮಗೆ ಚೀಸ್ ಬದಲು ಲೆಫ್ಸೆ ಎರಡು ಪ್ಯಾಕೆಟ್ ಹಾಕ್ತೀವಿ.

ಲೆಫ್ಸೆ ಅಂದ ಮೇಲೆ ನೆನಪಾಯ್ತು, "ಹಪ್ಪಳ ಕಳಿಸಿದೀರಿ" ಅಂತ ಫೋಟೋ ಹಾಕಿದೋರಿಗೆ: ಹಾರ್ಡಾಂಗರ್ ಲೆಫ್ಸೆ ಒಣಗಿಸಿಯೇ ಇಡೋದು. ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಸುತ್ತಿಡಿ, ಒಬ್ಬಟ್ಟಿನಷ್ಟು ಮೆತ್ತಗಾಗತ್ತೆ, ಬೆಣ್ಣೆ ಸಕ್ಕರೆ ಹಚ್ಚಿ ಮಡಚಿ.

ಕಾಲು ಕೇಜಿ ಸಾಲಲ್ಲ ಅನ್ನೋರು ದಯವಿಟ್ಟು ಬರ್ಫಿ ತರ ಕತ್ತರಿಸಬೇಡಿ. ಚೀಸ್ ಹೆರೆಯೋ ಓಸ್ತೆಹೋವೆಲ್ ತಗೊಳ್ಳಿ, ಆಚೆ ಬದಿ ಬೆಳಕು ಕಾಣೋಷ್ಟು ತೆಳ್ಳಗೆ ಎಳೀಬೇಕು, ಬಿಸಿ ದೋಸೆ ಮೇಲಿಟ್ರೆ ತಾನೇ ಕರಗತ್ತೆ.

ಈಗಾಗಲೇ ದುಡ್ಡು ಹಾಕಿರೋರಿಗೆ ಹಳೇ ರೇಟೇ. ಬಾಣಂತಿ ಮಗಳಿಗೆ ಅಂತ ಟ್ರೋಂಡ್‌ಹೈಮ್‌ಗೆ ತಿಂಗಳಿಗೊಂದು ತರಿಸೋ ಅಮ್ಮ, ನಿಮ್ಮದು ಅರ್ಧ ಕೇಜಿ ತುಂಡು ಎರಡು ಎತ್ತಿಟ್ಟಿದೀವಿ, ಯಾರಿಗೂ ಹೇಳಬೇಡಿ. ಫೋನ್ ಎತ್ತಲಿಲ್ಲ ಅಂದ್ರೆ ಸಿಟ್ಟಾಗಬೇಡಿ, ಸ್ಟೋಲ್ ಹತ್ರ ಸಿಗ್ನಲ್ ಇರಲ್ಲ, ಸಂಜೆ ಕೆಳಗಿಳಿದ ಮೇಲೆ ನಾವೇ ಮಾಡ್ತೀವಿ.

ಇಂತಿ,
ನಿಮ್ಮ ಬಾಕ್ಸ್ ಕಟ್ಟೋ ಗಂಡ ಹೆಂಡತಿ